ಪೆಡಲ್‌ನೊಳಗೆ ಸಿಕ್ಕ ನನ್ನ ಕೈ

ಜಯನಗರದ ಗೆಳೆಯನ ಮನೆಯ ತಾರಸಿಯಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಗಿಟಾರ್ ನುಡಿಸಿದೆವು. ನಾನು ಹಿಮ್ಮೇಳಕ್ಕೆ ಕಾರ್ಡ್ಸ್ ಹಿಡಿದರೆ, ಅದರ ಮೇಲೆ ಅವನು ಹಾಡಿನ ರಾಗ ನುಡಿಸುತ್ತಿದ್ದ. ಒಮ್ಮೆ ಅವನ ಅಕ್ಕ ಸಿಂಗಪುರದಿಂದ ಲೂಪರ್ ಪೆಡಲ್ ತಂದುಕೊಟ್ಟಳು. ನುಡಿಸಿದ್ದನ್ನು ಹಿಡಿದಿಟ್ಟುಕೊಂಡು, ಕಾಲಲ್ಲಿ ಒತ್ತಿದಾಗ ಮತ್ತೆ ಮತ್ತೆ ಕೇಳಿಸುವ ಪುಟ್ಟ ಪೆಟ್ಟಿಗೆ ಅದು.

"ನೀನೇ ಮೊದಲು ನುಡಿಸು ಮಗಾ, ಹೆಂಗ್ ಬರುತ್ತೆ ನೋಡೋಣ" ಎಂದ. ನುಡಿಸಿದೆ. ಆಮೇಲೆ ಅವನು ಅಭ್ಯಾಸಕ್ಕೆ ಕರೆಯುವುದೇ ಕಡಿಮೆಯಾಯಿತು.

ಜೆ.ಪಿ. ನಗರದ ಗಣೇಶೋತ್ಸವದಲ್ಲಿ ಅವನೊಬ್ಬನೇ ವೇದಿಕೆ ಹತ್ತಿ ಪೆಡಲ್ ಒತ್ತಿದ. ಸ್ಪೀಕರಿನಲ್ಲಿ ಬಂದದ್ದು ಅಂದು ನಾನು ನುಡಿಸಿದ್ದ ಕಾರ್ಡ್ಸ್, ನನ್ನದೇ ಕೈ. ಕೊನೆಯ ಕಾರ್ಡಿಗೆ ತುಸು ಮುಂಚೆಯೇ ಹಾರುವ ನನ್ನ ಅವಸರವೂ ಹಾಗೇ ಇತ್ತು.

"ಒಬ್ನೇ ಎಷ್ಟ್ ಚೆನ್ನಾಗ್ ನುಡಿಸ್ತಾನೆ!" ಎಂದು ಪಕ್ಕದ ಆಂಟಿ ಚಪ್ಪಾಳೆ ತಟ್ಟಿದರು.

ಅವನು ಇಳಿದು ಬಂದ ಮೇಲೆ, "ನನ್ನನ್ನೇ ಕರೀಬಹುದಿತ್ತಲ್ಲ?" ಎಂದೆ.

"ನೀನು ಅದರೊಳಗೇ ಇದ್ಯಲ್ಲ ಗುರು!" ಎಂದು ನಕ್ಕ.

ವೇದಿಕೆ ಹತ್ತಿ, ಅವನು ನೋಡುತ್ತಿದ್ದಂತೆಯೇ ಪೆಡಲ್ ಒತ್ತಿ ಹಿಡಿದು ಎಲ್ಲವನ್ನೂ ಅಳಿಸಿಬಿಟ್ಟೆ.

ಮುಂದಿನ ಭಾನುವಾರ ಅವನೇ ನಮ್ಮ ಮನೆಗೆ ಬಂದು, "ಪೆಡಲಿಗೆ ನಾನೇ ಹಾಕಿದ್ ಕಾರ್ಡ್ಸ್ ಸರಿಯಾಗ್ ಕೂರ್ತಿಲ್ಲ, ಬಾರೋ" ಎಂದ. ಹೋದೆ. ಆದರೆ ಅವನು ಪೆಡಲಿನ ವೈರ್ ಕಿತ್ತಿಟ್ಟ ಮೇಲೆಯೇ ಗಿಟಾರ್ ಮುಟ್ಟಿದೆ.