ಹಾಡಾಂವ, ಡ್ರಮ್ಮಿನಾಂವ, ನಡುವ ನಾ

ವಿಜಯಪುರದಾಗ ಇಪ್ಪತ್ತು ವರ್ಷದಿಂದ ಹೆವಿ ಮೆಟಲ್ ಬಾರಿಸೋ ಬ್ಯಾಂಡ್ ಒಂದೈತಿ. ಒಂದಿನ ಮುಂಜಾನೆ ಅವರ ಸಾಮಾನು ನನ್ನ ಗಾಡ್ಯಾಗ ಹೇರಿಕೊಂಡು ಬಬಲೇಶ್ವರಕ್ಕ ಹೊಂಟಿದ್ದೆ. ಹಾಡಾಂವ, ಡ್ರಮ್ಮಿನಾಂವ ಇಬ್ಬರೂ ನನ್ನ ಪಕ್ಕದಾಗ ಕೂತಿದ್ರು. ಭುಜಕ್ಕ ಭುಜ ಹತ್ತಿತ್ತು, ಮಾತು ಮಾತ್ರ ನನ್ನ ಕೂಡ.

"ಅಣ್ಣಾರ, ಹೊಸಾ ಹಾಡು ಸಾವಕಾಶ ಬಾರಿಸಂತ ಇವಂಗ ಹೇಳ್ರಿ" ಅಂದ ಹಾಡಾಂವ.

"ಸಾವಕಾಶ ಬೇಕಾದ್ರ ಭಜನಿ ಮಾಡಂತ ಹೇಳ್ರಿ. ಇವತ್ತಿಗೆ ನಾ ಬ್ಯಾಂಡ್ ಬಿಟ್ಟೆ" ಅಂದ ಡ್ರಮ್ಮಿನಾಂವ.

ಹೊರಗ ಜ್ವಾಳದ ಹೊಲ ಮಂಜಿನಾಗ ತೇಲಿದಂಗ ಕಾಣತಿತ್ತು. ನಾ ಅದನ್ನ ನೋಡಿಕೋತ ಹೇಳಿದೆ. "ನನ್ನ ಹೆಂಡ್ತಿನೂ ಸಿಟ್ಟು ಬಂದ್ರ ಗ್ವಾಡಿ ಕೂಡ ಮಾತಾಡ್ತಿದ್ಲು. 'ಗ್ವಾಡೆವ್ವಾ, ರೊಟ್ಟಿ ಆಗ್ಯಾವ, ಉಣ್ಣಾಕ ಬರಾಕ ಹೇಳು' ಅಂತಿದ್ಲು. ನಾನೂ ಗ್ವಾಡಿಗೇ ಉತ್ತರ ಕೊಡ್ತಿದ್ದೆ. ಆಕಿ ಹೋಗಿ ವರ್ಷಾತು. ಗ್ವಾಡಿ ಹಂಗಾ ಐತ್ರಿ."

ಡ್ರಮ್ಮಿನಾಂವ ಹಾಡಾಂವನ ಕಡೆ ತಿರುಗಿ ತೊಡಿ ಮ್ಯಾಲೆ ತಾಳ ಹಾಕಿದ.

"ಇಷ್ಟು ಸಾವಕಾಶ ಸಾಕೇನಲೇ?"

"ಇನ್ನೂ ಸಾವಕಾಶಲೇ."

ಅಲ್ಲಿಂದ ಶುರುವಾದ ಅವರ ಜಗಳ ನಿಲ್ಲಲೇ ಇಲ್ಲ. ಆ ಗದ್ದಲ ಕೇಳಿಕೋತ ನಾ ಎಲ್ಲೋ ಕಳದು ಹೋಗಿದ್ದೆ. ಬಬಲೇಶ್ವರದ ರಸ್ತೆ ಬಿಟ್ಟು ಟಿಕೋಟಾ ಸೇರೀವಿ ಅನ್ನೋದು ಮೂವರಿಗೂ ಟಿಕೋಟಾ ಬಂದ ಮ್ಯಾಲೇ ಗೊತ್ತಾತು.