ಕೆಸರೆ ಬಸ್ಸಿಗೆ ಬಿಟ್ಟುಕೊಟ್ಟ ಹದಿನೆಂಟು ಅಡಿ

ಕೆಸರೆಯ ಆ ಒಂದು ಹೊಂಗೆಮರ ಉಳಿಯಲು ನನಗೆ ತಗುಲಿದ್ದು ಹದಿನೆಂಟು ಅಡಿ ಅಗಲದ ಜಾಗ. ರಸ್ತೆಗೆ ಅಂಟಿಕೊಂಡಿದ್ದ ನನ್ನ ಸೌದೆ ಡಿಪೋದ ಮುಂಭಾಗ ಅದು. ಸೀಳಿದ ಸೌದೆಯನ್ನು ಅಲ್ಲೇ ಒಣಹಾಕುತ್ತಿದ್ದೆ. ದಾನ ಮಾಡಿದೆನೆಂದು ಯಾರೂ ತಿಳಿಯಬೇಡಿ. ವ್ಯಾಪಾರ ಮಾಡಿದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಆ ಸಾಲಿನ ಬಜೆಟ್ಟಿನಲ್ಲಿ ನಮ್ಮ ಕಡೆಗೆ ಸರ್ಕಾರಿ ಬಸ್ಸು ಬಿಡಲು, ಅದಕ್ಕೆ ರಸ್ತೆ ಸರಿಪಡಿಸಲು ಹಣ ಮಂಜೂರಾಗಿತ್ತು. ಬಸ್ಸು ಮೊದಲ ಮೂರು ತಿಂಗಳು ಪರೀಕ್ಷೆಗೆ ಓಡುತ್ತದೆ, ಜನ ಹತ್ತದಿದ್ದರೆ ನಿಂತುಹೋಗುತ್ತದೆ ಎಂಬ ಷರತ್ತೂ ಇತ್ತು. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಪಕ್ಕದ ಮನೆಯ ಸೊಪ್ಪಿನಾಕೆ. ದಿನವೂ ಸೊಪ್ಪಿನ ಮಂಕರಿ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ನಡೆದು ನಡೆದು ಆಕೆಯ ಮಂಡಿ ಸವೆದಿತ್ತು. ಬಸ್ಸು ಬರದಿದ್ದರೆ ವ್ಯಾಪಾರವನ್ನೇ ಬಿಡುವುದೆಂದು ತೀರ್ಮಾನಿಸಿಬಿಟ್ಟಿದ್ದಳು.

ಮಾರ್ಚ್ ಎರಡನೆಯ ವಾರ ರಸ್ತೆ ಕೆಲಸದ ಉಸ್ತುವಾರಿಯ ಓವರ್ಸಿಯರು ಅಳತೆಯ ಸರಪಣಿ ಹಿಡಿದು ಬಂದರು. ಬಸ್ಸು ತಿರುಗಲು ಜಾಗ ಸಾಲದೆಂದು ನನ್ನ ಡಿಪೋ ಎದುರಿನ ಹೊಂಗೆಯ ಬುಡಕ್ಕೆ, ಕಡಿಯುವ ಗುರುತಾಗಿ, ಟಾರಿನಲ್ಲಿ ನಂಬರು ಬರೆಸಿದರು. ನನ್ನ ಕಣ್ಣು ಮೊದಲು ಹೋದದ್ದು ಬುಡದ ದಪ್ಪಕ್ಕೆ. ಸೊಪ್ಪಿನಾಕೆ ಅದನ್ನು ಗಮನಿಸಿದಳು.

“ಏನಣ್ಣ, ಆಗ್ಲೇ ಎಷ್ಟು ಗಾಡಿ ಸೌದೆ ಆಯ್ತದೆ ಅಂತ ನೋಡ್ತಿದ್ದೀಯಾ?”

“ಮರ ಹೋದ್ರೇನಕ್ಕ, ಬಸ್ಸು ಬತ್ತದಲ್ಲ.”

“ಬತ್ತದೆ ಕಣಣ್ಣ. ಆ ಬಿಸ್ಲಲ್ಲಿ ಮಂಕ್ರಿ ಎಲ್ಲಿ ಇಡಾನ, ನಿನ್ನ ತಲೆ ಮ್ಯಾಲಾ? ಬಸ್ಸು ಬರೋಗಂಟ ಸೊಪ್ಪು ಬಾಡೋಯ್ತದೆ. ಹೊತ್ಗೆ ಮುಂಚೆ ಎದ್ದು ನಡ್ಕೊಂಡೇ ಹೊಂಟೋಯ್ತೀವಿ. ಬಸ್ಸು ಖಾಲಿ ಓಡ್ತದೆ, ಆಮ್ಯಾಕೆ ನಿಂತೋಯ್ತದೆ. ಅಷ್ಟೇಯ.”

ಆಕೆಯ ಮಾತು ಸರಿಯಾಗಿತ್ತು. ಪರೀಕ್ಷೆಯ ಮೂರು ತಿಂಗಳು ಶುರುವಾಗುವುದೇ ಏಪ್ರಿಲ್ ಬಿಸಿಲಿನಲ್ಲಿ. ಬಸ್ಸಿಗೆ ಕಾಯುವ ಜನ ನನ್ನ ಡಿಪೋ ಮುಂದೆ ನಿಂತರೆ ನನಗೂ ಲಾಭ, ಅದನ್ನೇಕೆ ಮುಚ್ಚಿಡಲಿ.

ಓವರ್ಸಿಯರನ್ನು ಕರೆದು ಕೂರಿಸಿ ಕಾಫಿ ತರಿಸಿದೆ.

“ನನ್ನ ಕೈಲೇನಿದೆ ಕಣ್ರೀ?” ಎಂದರು. “ಮಾರ್ಚ್ ಮೂವತ್ತೊಂದರೊಳಗೆ ಕೆಲಸ ಮುಗೀಲಿಲ್ಲ ಅಂದ್ರೆ ದುಡ್ಡು ವಾಪಸ್ಸು ಹೋಗುತ್ತೆ.”

ನಾನು ಕಾಯುತ್ತಿದ್ದದ್ದು ಈ ಮಾತಿಗೇ. ಸರ್ಕಾರಿ ಹರಾಜಿನಲ್ಲಿ ಮರ ಕೊಂಡು ಮೇಲೆ ಬಂದವನು ನಾನು.

“ಮರ ಕಡೀಬೇಕಾದ್ರೆ ಹರಾಜು ಕೂಗಬೇಕಲ್ವಾ ಸ್ವಾಮಿ? ನೋಟೀಸು ಅಂಟಿಸಿ ಹದಿನೈದು ದಿವಸ. ಕಡಿಯೋಕೆ, ಬುಡ ಕೀಳೋಕೆ ಇನ್ನೊಂದು ವಾರ. ಏಪ್ರಿಲ್ ಬಂದ್ಬುಡ್ತದೆ.”

ಅವರು ಲೋಟ ಕೆಳಗಿಟ್ಟರು. “ಮತ್ತೇನು ಮಾಡೋಣ ಅಂತೀರಿ?”

“ಬಸ್ಸು ನನ್ನ ಡಿಪೋ ಮುಂದೆ ತಿರುಗಲಿ. ಹದಿನೆಂಟು ಅಡಿ ಬುಟ್ಕೊಡ್ತೀನಿ. ಮರ ಮುಟ್ಟಬೇಡಿ.”

“ಬರೆದುಕೊಡ್ತೀರಾ?”

“ಮರ ಮುಟ್ಟಲ್ಲ ಅಂತ ನೀವೂ ಬರೆದುಕೊಡಿ.”

ಅವರು ನಕ್ಕುಬಿಟ್ಟರು. “ಸೌದೆ ಮಾರೋರು ಮರಕ್ಕೆ ಕಾಗದ ಕೇಳ್ತಿದ್ದೀರಲ್ರೀ!”

ಎರಡೂ ಕಾಗದ ಆದವು. ಏಪ್ರಿಲ್ ಮೊದಲಲ್ಲೇ ಬಸ್ಸು ಬಂತು. ಹೊಂಗೆ ಹೊಸ ಎಲೆ ಬಿಟ್ಟಿತ್ತು. ಹೆಂಗಸರು ಮಂಕರಿಗಳಿಗೆ ಒದ್ದೆಬಟ್ಟೆ ಮುಚ್ಚಿ ಅದರಡಿ ಕೂತರು. ಬಸ್ಸು ಪರೀಕ್ಷೆಯಲ್ಲಿ ಗೆದ್ದಿತು, ಸೊಪ್ಪಿನಾಕೆಯ ವ್ಯಾಪಾರ ಉಳಿಯಿತು. ಆಕೆ ನನ್ನನ್ನೇನೂ ಹೊಗಳಲಿಲ್ಲ. “ಬಸ್ ಚಾರ್ಜು ಬ್ಯಾರೆ ಕೊಡ್ಬೇಕಲ್ಲಣ್ಣ, ಇನ್ನೆರಡು ಸೌದೆ ಹಾಕು” ಎಂದು ಚೌಕಾಸಿ ಮಾಡುತ್ತಿದ್ದಳು.

ಮಾರನೆಯ ವರ್ಷದ ಬಜೆಟ್ಟಿನಲ್ಲಿ ಇಡೀ ರಸ್ತೆಯನ್ನು ಅಗಲ ಮಾಡಲು ಹಣ ಬಂತು. ಬಸ್ಸುಗಳು ಹೆಚ್ಚುವುದಿತ್ತು. ನನ್ನ ಕಾಗದದಲ್ಲಿದ್ದದ್ದು ಒಂದೇ ಮರ. ಅದರಾಚೆ ರಸ್ತೆಯುದ್ದಕ್ಕೆ ಇದ್ದ ಆರು ಹುಣಸೆಮರಗಳಿಗೆ ನಂಬರು ಬಿತ್ತು. ಬದಲಿಗೆ ಸಸಿ ನೆಡುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಓವರ್ಸಿಯರು ಫೈಲು ಬಿಚ್ಚಿ ತೋರಿಸಿದರು. ಸಸಿಗಳ ಖರ್ಚಿನ ಬಾಬ್ತನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಿದ್ದರು. ಮೇಲಿನವರು ಆ ಹಾಳೆಗೆ ಅಡ್ಡಗೆರೆ ಎಳೆದಿದ್ದರು.

ಹರಾಜಿನಲ್ಲಿ ಆ ಆರೂ ಮರಗಳನ್ನು ಕೊಂಡವನು ನಾನೇ. ನಾನು ಕೊಳ್ಳದಿದ್ದರೆ ಇನ್ನೊಬ್ಬ ಕೊಳ್ಳುತ್ತಿದ್ದ. ಸೌದೆಯನ್ನು ಉಳಿದಿದ್ದ ಇಕ್ಕಟ್ಟು ಜಾಗದಲ್ಲಿ ಒಟ್ಟುತ್ತಿದ್ದಾಗ ಸೊಪ್ಪಿನಾಕೆ ಬಂದು ನಿಂತಳು.

“ಇವಕ್ಕೂ ಒಂದು ಕಾಗ್ದ ಮಾಡಿಸ್ಕೊಳಕ್ಕಾಗ್ನಿಲ್ವಾ?”

“ಆಗ ನೆನಪಾಗ್ಲಿಲ್ಲ ಕಣಕ್ಕ” ಎಂದೆ. ನಿಜವಾಗಿಯೂ ಆಗಿರಲಿಲ್ಲ.

ನಿಮ್ಮ ಬೀದಿಗೆ ಬಸ್ಸು ಬೇಕಿದ್ದರೆ ಬಜೆಟ್ಟು ಹೊರಬಿದ್ದ ಮೇಲೆ ಓಡಬೇಡಿ. ಕಚೇರಿಯವರು ಮುಂದಿನ ಸಾಲಿನ ಅಂದಾಜುಪಟ್ಟಿ ಬರೆಯುವ ಕಾಲಕ್ಕೇ ಹೋಗಿ. ಬರಿಗೈಲಿ ಹೋಗಬೇಡಿ, ಕೊಡಲು ನಿಮ್ಮ ಹತ್ತಿರ ಏನಾದರೂ ಇರಲಿ. ಸಸಿ, ಬೇಲಿ, ಎರಡು ಬೇಸಿಗೆಗೆ ನೀರು ಇವನ್ನೆಲ್ಲ ಬಸ್ಸು ಕೇಳುವ ಹಾಳೆಯಲ್ಲೇ ಬರೆಸಿ. ಬೇರೆ ಹಾಳೆಯನ್ನು ಹೊಡೆದುಹಾಕುವುದು ಸುಲಭ. ಅರ್ಜಿಗೆ ಕೂರುವ ಮೊದಲು ರಸ್ತೆಯ ಆ ತುದಿಯವರೆಗೆ ಒಮ್ಮೆ ನಡೆದು ಮರಗಳನ್ನು ಎಣಿಸಿಕೊಂಡು ಬನ್ನಿ, ನಿಮ್ಮ ಬಾಗಿಲ ಮುಂದಿನದನ್ನು ಮಾತ್ರವಲ್ಲ.