ಹುಳಿ ಇತ್ತು, ಅನ್ನ ಇರಲಿಲ್ಲ

ಕಳೆದ ಸೋಮವಾರ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಹಳ ಒಳ್ಳೆಯ ಹುಳಿ ಇತ್ತು. ನುಗ್ಗೆಕಾಯಿ ಹುಳಿ. ಇಂಗಿನ ಘಮ ಮೆಷಿನ್ ಶಾಪಿನವರೆಗೂ ಬಂದಿತ್ತು. ಅನ್ನ ಮಾತ್ರ ಇರಲಿಲ್ಲ.

(ನನಗೆ ಸಿಕ್ಕಿತ್ತು. ಹೇಗೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಸ್ವಲ್ಪ ಧೈರ್ಯ ಬೇಕು.)

ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ಎಂಬುದು ನಿಮಗೆ ಗೊತ್ತೇ ಇದೆ. ಈ ವರ್ಷ ನನ್ನನ್ನು ಕ್ಯಾಂಟೀನ್ ಸಮಿತಿಗೂ ಹಾಕಿದ್ದಾರೆ. ಈ ಸಮಿತಿಯ ಮಹಿಮೆ ಕಾರ್ಖಾನೆಯಲ್ಲಿ ದುಡಿಯುವವರಿಗೆ ಹೇಳಬೇಕಾಗಿಲ್ಲ. ಸಂಬಳದ ಮಾತುಕತೆಯಲ್ಲಿ ತಿಂಗಳುಗಟ್ಟಲೆ ತಾಳ್ಮೆಯಿಂದ ಕೂರುವ ಯೂನಿಯನ್, ಉಪ್ಪಿಟ್ಟು ಗಂಟುಗಂಟಾದರೆ ಅರ್ಧ ಗಂಟೆಯಲ್ಲಿ ಗೇಟಿಗೆ ಬಂದು ನಿಲ್ಲುತ್ತದೆ.

ನಮ್ಮ ಹಳೆಯ ಅಡುಗೆಯವರು ರಿಟೈರ್ ಆದರು. ಹೊಸಬರು ಬೇಕಾಗಿತ್ತು. ಸಮಿತಿ ಒಂದು ಟೆಸ್ಟ್ ಇಟ್ಟಿತು. ಅರ್ಜಿ ಹಾಕಿದವರು ರಜೆಯ ದಿನ ಒಬ್ಬೊಬ್ಬರಾಗಿ ಬಂದು ನಮ್ಮ ಏಳು ಜನಕ್ಕೆ ಅಡುಗೆ ಮಾಡಿ ಬಡಿಸಬೇಕು. ನಾವು ಎಲೆಯ ಮುಂದೆ ಕೂತು ಮಾರ್ಕ್ಸ್ ಹಾಕಬೇಕು. ಇಷ್ಟು ಸುಖವಾದ ಪರೀಕ್ಷೆಯನ್ನು ಯಾವ ಯೂನಿವರ್ಸಿಟಿಯವರೂ ನಡೆಸಿರಲಾರರು.

ವೆಂಕಟಾಚಲಯ್ಯನವರು ಬಡಿಸಿದ ದಿನ ಮಾರ್ಕ್ಸ್ ಹಾಕುವುದೇ ಮರೆತುಹೋಯಿತು. ಪರ್ಸೊನೆಲ್ ಆಫೀಸರ್ ಮೂರ್ತಿ ಮತ್ತು ಯೂನಿಯನ್ನಿನ ಶಿವಣ್ಣ, ಇಬ್ಬರೂ ಒಂದೇ ಸಲಕ್ಕೆ ಇನ್ನಷ್ಟು ಹುಳಿ ಕೇಳಿದರು. ಆ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ವೆಂಕಟಾಚಲಯ್ಯನವರು ಕೆಂಗೇರಿಯವರು. ವಿಜಯನಗರದ ಒಂದು ಹೋಟೆಲಿನಲ್ಲಿ ಬಹಳ ವರ್ಷಗಳಿಂದ ಅಡುಗೆ ಮಾಡುತ್ತಿದ್ದರು. ಬರಲು ಅವರಿಗೇ ಹಿಂಜರಿಕೆ ಇತ್ತು. ಹೋಟೆಲಿನ ಯಜಮಾನರು ಒಳ್ಳೆಯವರು, ಕೈಗೆ ಒಗ್ಗಿದ ಜಾಗ ಎಂದರು. ನಾವೇ ಬಿಡಲಿಲ್ಲ. ಪಿಎಫ್ ಇದೆ, ಇಎಸ್‌ಐ ಇದೆ ಎಂದೆವು. ಅವರ ಹೆಂಡತಿಗೆ ಉಬ್ಬಸ. ಇಎಸ್‌ಐ ಆದರೆ ಆಸ್ಪತ್ರೆಯ ಚಿಂತೆ ಇಲ್ಲ ಎಂದು ನಾನೇ ಮುಂದೆ ಬಿದ್ದು ಹೇಳಿದೆ. ಮನುಷ್ಯ ಒಪ್ಪಿದರು, ಹೋಟೆಲ್ ಬಿಟ್ಟರು. ಕೆಲವು ತಿಂಗಳು ನೋಡಿ ಆಮೇಲೆ ಕಾಯಂ ಎಂದು ಮಾತಾಯಿತು.

ಸೋಮವಾರ ಅವರ ಮೊದಲ ದಿನ.

ಈಗ ಆ ಧೈರ್ಯದ ಮಾತು. ಊಟವನ್ನು ಸಮಿತಿಯವರು ಮೊದಲು ರುಚಿ ನೋಡಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ರುಚಿ ನೋಡುವುದು ಎಂದರೆ ಒಂದು ಚಮಚ ಎಂದುಕೊಂಡಿರಾ? ಪೂರ್ತಿ ಊಟ. ಸೈರನ್ ಆಗುವುದಕ್ಕೆ ಮುಂಚೆ, ಪಕ್ಕದ ಕೋಣೆಯಲ್ಲಿ, ಫ್ಯಾನಿನ ಕೆಳಗೆ. ಅಂದೂ ಹಾಗೆಯೇ ಉಂಡೆವು. ಬಿಸಿಬಿಸಿ ಅನ್ನ, ಮೇಲೆ ಹುಳಿ. ನಾನು ಮಜ್ಜಿಗೆ ಅನ್ನಕ್ಕೆ ಬಂದಿದ್ದೆ. ಸೈರನ್ ಕೂಗಿತು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಒಂದು ಸದ್ದು. ನೂರಾರು ಸ್ಟೀಲ್ ತಟ್ಟೆಗಳನ್ನು ಒಟ್ಟಿಗೆ ಮೇಜಿಗೆ ಬಡಿಯುವ ಸದ್ದು.

ಆಗಿದ್ದಿಷ್ಟು. ವೆಂಕಟಾಚಲಯ್ಯನವರು ಬೆಳಗಿನಿಂದ ಹುಳಿಯ ಜೊತೆಗೇ ಇದ್ದರು. ಮಸಾಲೆ ತಾವೇ ಹುರಿದರು, ತರಕಾರಿ ತಾವೇ ಹೆಚ್ಚಿದರು, ಒಗ್ಗರಣೆ ತಾವೇ ಹಾಕಿದರು. ಸಹಾಯಕ್ಕಿದ್ದವರು ಕೈಕಟ್ಟಿ ನೋಡುತ್ತಿದ್ದರು. ಅನ್ನವನ್ನು ಒಂದು ಪಾತ್ರೆ ಮಾತ್ರ ಮಾಡಿ ಇಳಿಸಿದ್ದರು. ಹೋಟೆಲಿನಲ್ಲಿ ಹಾಗೇ ಅಲ್ಲವೇ? ಒಂದು ಪಾತ್ರೆ ಖಾಲಿಯಾಗುವ ಹೊತ್ತಿಗೆ ಇನ್ನೊಂದು ಬೆಂದಿರುತ್ತದೆ. ಗಿರಾಕಿಗೆ ಸದಾ ಬಿಸಿ ಅನ್ನ. ಆದರೆ ಕಾರ್ಖಾನೆಯಲ್ಲಿ ಗಿರಾಕಿ ಬರುವುದಿಲ್ಲ, ಸೈರನ್ ಬರುತ್ತದೆ. ಆ ಒಂದು ಪಾತ್ರೆಯಲ್ಲಿ ನಮ್ಮ ಪಾಲು ಮೊದಲೇ ಹೋಗಿತ್ತು. ಉಳಿದದ್ದು ಸಾಲಿನ ಮುಂದಿದ್ದವರಿಗೆ ಮುಗಿಯಿತು. ಎರಡನೆಯದಕ್ಕೆ ಆಗಷ್ಟೇ ಕುದಿ ಹತ್ತಿತ್ತು. ಅದು ಬೇಯುವ ಹೊತ್ತಿಗೆ ಊಟದ ಅರ್ಧ ಗಂಟೆ ಮುಗಿದು ಮತ್ತೆ ಸೈರನ್ ಆಯಿತು. ಬಹಳ ಜನ ಬರೀ ಹುಳಿ ಕುಡಿದು ಮೆಷಿನ್ನಿನ ಮುಂದೆ ಹೋಗಿ ನಿಂತರು.

ಸಂಜೆ ಸಮಿತಿ ಸೇರಿತು. ಶಿವಣ್ಣ ಕೆಂಡವಾಗಿದ್ದರು. ಇವರನ್ನು ನಾಳೆಯೇ ಕಳಿಸಬೇಕು, ಇಲ್ಲದಿದ್ದರೆ ಹುಡುಗರನ್ನು ತಡೆಯುವುದು ತಮ್ಮ ಕೈಯಲ್ಲಿಲ್ಲ ಎಂದರು. ಮೂರ್ತಿಯವರು ಇತ್ತೀಚೆಗೆ ಯಾವುದೋ ಟ್ರೇನಿಂಗಿಗೆ ಹೋಗಿ ಬಂದವರು. ಬಂದಾಗಿನಿಂದ ಎರಡು ಹೊಸ ಪದಗಳನ್ನು ಎಲ್ಲಿ ಬಳಸಲಿ ಎಂದು ಕಾಯುತ್ತಿದ್ದರು. "ನೋಡಿ, ಸ್ಕಿಲ್ ಬೇರೆ, ಕಾಂಪಿಟೆನ್ಸಿ ಬೇರೆ. ಇವರಿಗೆ ಮೊದಲನೇದು ಇದೆ, ಎರಡನೇದು ಇಲ್ಲ," ಎಂದು ತೀರ್ಪು ಕೊಟ್ಟರು.

ವೆಂಕಟಾಚಲಯ್ಯನವರನ್ನು ಕರೆಸಿದೆವು. ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

"ಎಲ್ರೂ ಒಂದೇ ಸಲ ಬರ್ತಾರೆ ಅಂತ ನಂಗೆ ಅಂದಾಜು ಸಿಗ್ಲಿಲ್ಲ ಸಾರ್. ಮೊದಲೇ ಮಾಡಿಟ್ರೆ ಆರಿ ಹೋಗುತ್ತೆ. ಆರಿದ ಅನ್ನ ಹಾಕೋಕೆ ಮನಸ್ಸು ಬರ್ಲಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೋಟ್ಲಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಯ್ತು ಸಾರ್," ಎಂದರು.

ನನಗೆ ತಲೆ ಎತ್ತಲಾಗಲಿಲ್ಲ. ತೀರ್ಮಾನವನ್ನು ಗುರುವಾರಕ್ಕೆ ಮುಂದೂಡಿದೆವು. ಮುಂದೂಡುವುದರಲ್ಲಿ ನಮ್ಮ ಸಮಿತಿಗೆ ಸ್ಕಿಲ್ಲೂ ಇದೆ, ಕಾಂಪಿಟೆನ್ಸಿಯೂ ಇದೆ.

ಹೊಸಹಳ್ಳಿಯ ಮನೆಗೆ ಬಂದು ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಆಕೆ ಅವರೆಕಾಳು ಹಿಸುಕುತ್ತಿದ್ದವಳು ತಲೆ ಎತ್ತದೆ ಕೇಳಿದಳು. "ಟೆಸ್ಟ್‌ನಲ್ಲಿ ಎಷ್ಟು ಜನಕ್ಕೆ ಮಾಡ್ಸಿದ್ರಿ?"

ಏಳು ಜನಕ್ಕೆ ಎಂದೆ.

"ಮತ್ತೇನ್ರೀ? ಏಳು ಜನಕ್ಕೆ ಚೆನ್ನಾಗಿ ಮಾಡೋರು ಸಿಕ್ಕಿದಾರಲ್ಲ."

ಆ ಮಾತು ಮರುದಿನ ನನ್ನನ್ನು ಬಸ್ಸಿನಲ್ಲೂ ಬಿಡಲಿಲ್ಲ, ಸ್ಟೋರ್ಸಿನಲ್ಲೂ ಬಿಡಲಿಲ್ಲ. ಯೋಚಿಸಿದಷ್ಟೂ ನಾವು ಎಲ್ಲ ಕಡೆಯೂ ಇದನ್ನೇ ಮಾಡುತ್ತಿದ್ದೇವೆ ಅನ್ನಿಸಿತು. ಲೈಸೆನ್ಸ್ ಕೊಡುವಾಗ ಮೈದಾನದಲ್ಲಿ ಎಂಟು ಹಾಕಿಸುತ್ತೇವೆ. ಮೈಸೂರು ರಸ್ತೆಯಲ್ಲಿ ಯಾರಾದರೂ ಎಂಟು ಹಾಕಿಕೊಂಡು ಹೋಗುತ್ತಾರೆಯೇ? (ಕೆಲವರು ಹೋಗುತ್ತಾರೆ. ಅವರ ಮಾತು ಬೇರೆ.) ಟೈಪಿಸ್ಟ್ ಬೇಕಾದರೆ ಸ್ಪೀಡ್ ನೋಡುತ್ತೇವೆ. ಅರ್ಜೆಂಟ್ ಕಾಗದ ಯಾವುದು, ನಾಳೆಗೆ ಬಿಡಬಹುದಾದದ್ದು ಯಾವುದು ಎಂದು ತಿಳಿಯುತ್ತದೆಯೇ ಎಂದು ನೋಡುವುದಿಲ್ಲ. ಮೆಷಿನ್ ಶಾಪಿನ ಬಹಳ ಒಳ್ಳೆಯ ಟರ್ನರ್ ಒಬ್ಬನನ್ನು ಮೆಚ್ಚಿ ಸೂಪರ್‌ವೈಸರ್ ಮಾಡಿದೆವು. ಪಾಪ, ಅವನ ಮಾತನ್ನು ಲೇತ್ ಕೇಳುತ್ತಿತ್ತು, ಜನ ಕೇಳುವುದಿಲ್ಲ.

ಮೂರ್ತಿಯವರ ಇಂಗ್ಲಿಷ್ ನನಗೆ ಅರ್ಥವಾದದ್ದು ಹೀಗೆ. ಕೈಗೆ ಬಂದಿರುವುದು ಸ್ಕಿಲ್. ಆ ಕೈಯನ್ನು ಆ ಜಾಗದಲ್ಲಿ, ಆ ಹೊತ್ತಿಗೆ, ಅಲ್ಲಿರುವ ಜನರನ್ನು ಕೂಡಿಸಿಕೊಂಡು ಬಳಸುವುದು ಇನ್ನೊಂದು. ಮೊದಲನೆಯದನ್ನು ಮನುಷ್ಯ ಎಲ್ಲಿಗೆ ಹೋದರೂ ಹೊತ್ತುಕೊಂಡು ಹೋಗಬಹುದು. ಎರಡನೆಯದನ್ನು ಹೋದ ಜಾಗದಲ್ಲೇ ಕಲಿಯಬೇಕು. ಕಲಿಯಬೇಕಾದರೆ ಯಾರಾದರೂ ಜಾಗವನ್ನು ತೋರಿಸಬೇಕಲ್ಲ? ನಾವು ವೆಂಕಟಾಚಲಯ್ಯನವರಿಗೆ ತೋರಿಸಿದ್ದು ರಜೆಯ ದಿನದ ಖಾಲಿ ಕ್ಯಾಂಟೀನ್, ಏಳು ಎಲೆ.

ಮಂಗಳವಾರ ಅನ್ನ ಹೊತ್ತಿಗೆ ಸರಿಯಾಗಿ ಬಂತು. ತರಕಾರಿಯನ್ನು ಸಹಾಯಕರೇ ಹೆಚ್ಚಿದ್ದರು. ಅನ್ನ ಒಂದಿಷ್ಟು ಆರಿತ್ತು, ಹುಳಿಯೂ ಸೋಮವಾರದ ಹುಳಿಯಾಗಿರಲಿಲ್ಲ. ತಟ್ಟೆ ಬಡಿದವರೇ ಈಗ "ಆ ಹುಳಿ ಏನಾಯ್ತು?" ಎಂದು ಕೇಳಿದರು. ಬುಧವಾರ ಅನ್ನದ ಪಾತ್ರೆಗಳ ಮೇಲೆ ದಪ್ಪ ಗೋಣಿಚೀಲ ಹೊದಿಸಿದ್ದರು. ಬಡಿಸುವಾಗ ಹಬೆ ಏಳುತ್ತಿತ್ತು.

ಗುರುವಾರ ಸಮಿತಿಯಲ್ಲಿ ನಾನು ಮಾತಾಡಿದೆ. ಕರೆದುಕೊಂಡು ಬಂದವರು ನಾವು, ತಪ್ಪು ಪರೀಕ್ಷೆ ಮಾಡಿದವರೂ ನಾವು, ಆ ಮನುಷ್ಯನನ್ನು ಬೀದಿಗೆ ಬಿಡಲು ನನ್ನ ಸಹಿ ಇಲ್ಲ ಎಂದೆ. ಶಿವಣ್ಣ, ಇರಲಿ, ಆದರೆ ಒಂದು ಷರತ್ತು ಎಂದರು. ಪಕ್ಕದ ಕೋಣೆಗೆ ಬೀಗ. ಇನ್ನು ಮುಂದೆ ಸಮಿತಿಯವರೂ ಸೈರನ್ ಆದ ಮೇಲೆ, ಎಲ್ಲರ ಜೊತೆ, ಸಾಲಿನಲ್ಲಿ. ಮೂರ್ತಿಯವರ ಮುಖ ಸಣ್ಣದಾಯಿತು. ನನ್ನದೂ ಆಗಿದ್ದಿರಬೇಕು. ವೆಂಕಟಾಚಲಯ್ಯನವರು ಉಳಿದರು.

ಶುಕ್ರವಾರ ಮೊದಲ ಸಲ ತಟ್ಟೆ ಹಿಡಿದು ಸಾಲಿಗೆ ಹೋದೆ. ಎಲ್ಲಿ ನಿಲ್ಲಬೇಕು, ಎಷ್ಟು ಬೇಗ ಸರಿಯಬೇಕು, ಯಾವುದೂ ಗೊತ್ತಾಗಲಿಲ್ಲ. ಹುಳಿಯ ಹತ್ತಿರ ಹೋದಾಗ ಅನ್ನ ಹಾಕಿಸಿಕೊಳ್ಳುವುದನ್ನೇ ಮರೆತಿದ್ದೆ. ಹಿಂದೆ ಸಾಲು ನಿಂತುಬಿಟ್ಟಿತು.

ನನ್ನ ಹಿಂದಿದ್ದ ವೆಲ್ಡರ್ ಮರ್ಯಾದೆಯಿಂದಲೇ ಕೇಳಿದ. "ಸಾರ್, ನಿಮ್ಮನ್ನ ಸಮಿತಿಗೆ ಯಾವ ಟೆಸ್ಟ್ ಮಾಡಿ ತಗೊಂಡ್ರು?"